ನಕ್ಷೆ ಗಟ್ಟಿಯಾಗುವ ಮುನ್ನ: ಬೃಹತ್ ಬಂದರು ಯೋಜನೆಗಳಲ್ಲಿ ಭಿನ್ನ ಹಿತಗಳ ಸಂಧಾನ ಹೇಗೆ ನಡೆಯುತ್ತದೆ?

2022ರ ಆಗಸ್ಟ್ 16ರಂದು ಕೇರಳದ ವಿಳಿಂಜಂ ಬಂದರಿನ ಹೆಬ್ಬಾಗಿಲಿನೆದುರು ಮೀನುಗಾರ ಕುಟುಂಬಗಳು ಧರಣಿ ಕೂತಾಗ, ಆ ಬಂದರಿನ ಕಾಮಗಾರಿ ಆರಂಭವಾಗಿ ಆರು ವರ್ಷ ದಾಟಿತ್ತು. ಸಮುದ್ರದೊಳಕ್ಕೆ ಚಾಚುವ ಕಲ್ಲಿನ ತಡೆಗೋಡೆಯ ಒಂದಷ್ಟು ಭಾಗ ಆಗಲೇ ಎದ್ದು ನಿಂತಿತ್ತು. ಡಿಸೆಂಬರ್ 6ರವರೆಗೆ, ಅಂದರೆ ನೂರಕ್ಕೂ ಹೆಚ್ಚು ದಿನ, ಧರಣಿ ಮುಂದುವರಿಯಿತು. ನಡುವೆ ಹಿಂಸಾಚಾರವೂ ಆಯಿತು. ಕೊನೆಗೆ ಸರ್ಕಾರ ಮತ್ತು ಹೋರಾಟಗಾರರ ನಡುವೆ ಮಾತುಕತೆ ನಡೆದು ಧರಣಿ ಮುಗಿಯಿತು. 2025ರ ಮೇ 2ರಂದು ಬಂದರು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು.

ಮಹಾರಾಷ್ಟ್ರದ ಡಹಾಣು ಬಳಿಯ ವಾಢವಣದಲ್ಲಿ ಇದಕ್ಕಿಂತಲೂ ದೊಡ್ಡ ಬಂದರಿಗೆ ಕೇಂದ್ರ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ ₹76,220 ಕೋಟಿ. ಅದೇ ಜಾಗದಲ್ಲಿ ಬಂದರು ಕಟ್ಟುವ ಪ್ರಸ್ತಾವವನ್ನು ಡಹಾಣು ತಾಲ್ಲೂಕಿನ ಪರಿಸರ ಸಂರಕ್ಷಣಾ ಪ್ರಾಧಿಕಾರವು 1998ರಲ್ಲಿ ತಿರಸ್ಕರಿಸಿತ್ತು. 2023ರಲ್ಲಿ ಅದೇ ಪ್ರಾಧಿಕಾರ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಆದರೂ ಮೀನುಗಾರರ ವಿರೋಧ ನಿಂತಿಲ್ಲ.

ಇಂಥ ಸುದ್ದಿಗಳಲ್ಲಿ "ಮಾತುಕತೆ ನಡೆಯಿತು", "ಸಂಧಾನ ವಿಫಲವಾಯಿತು" ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಆ ಕೋಣೆಯೊಳಗೆ ಯಾರಿರುತ್ತಾರೆ, ಅವರು ಯಾವುದರ ಬಗ್ಗೆ ಚೌಕಾಸಿ ಮಾಡುತ್ತಾರೆ, ಕೆಲವು ಒಪ್ಪಂದಗಳು ಬಾಳಿ ಕೆಲವು ಮುರಿಯುವುದೇಕೆ ಎಂಬುದು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಅದನ್ನು ಬುಡದಿಂದ ಬಿಡಿಸಿ ನೋಡೋಣ.

## ಬಂದರು ಕಟ್ಟುವುದೆಂದರೆ ಏನೇನು ಮಾಡುವುದು

ಇಂದಿನ ಅತಿದೊಡ್ಡ ಕಂಟೇನರ್ ಹಡಗುಗಳು ಸುಮಾರು 400 ಮೀಟರ್ ಉದ್ದವಿರುತ್ತವೆ. 20 ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ ಒಂದೊಂದೂ 24,000 ಪೆಟ್ಟಿಗೆಗಳನ್ನು ಹೊರಬಲ್ಲದು. ಪೂರ್ತಿ ತುಂಬಿದಾಗ ಅಂಥ ಹಡಗಿನ ತಳ ನೀರಿನೊಳಗೆ 16 ಮೀಟರಿಗೂ ಆಳಕ್ಕೆ ಇಳಿದಿರುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ದಡದ ಹತ್ತಿರ ಅಷ್ಟು ಆಳ ಇರುವುದಿಲ್ಲ. ಆದ್ದರಿಂದ ಬಂದರು ಕಟ್ಟುವವರು ಮೂರು ದೊಡ್ಡ ಕೆಲಸಗಳನ್ನು ಮಾಡಬೇಕಾಗುತ್ತದೆ. ಮೊದಲನೆಯದು ಡ್ರೆಜಿಂಗ್, ಅಂದರೆ ಸಮುದ್ರತಳದ ಹೂಳು ಮತ್ತು ಮರಳನ್ನು ತೆಗೆದು ಹಡಗಿಗೆ ದಾರಿ ಮಾಡುವುದು. ಎರಡನೆಯದು ಬ್ರೇಕ್‌ವಾಟರ್, ಅಂದರೆ ಒಳಗಿನ ನೀರು ಶಾಂತವಾಗಿರಲೆಂದು ಬಂಡೆಗಲ್ಲು ಮತ್ತು ಕಾಂಕ್ರೀಟ್ ದಿಂಡುಗಳಿಂದ ಸಮುದ್ರದೊಳಗೆ ಕಟ್ಟುವ ಅಲೆತಡೆಗೋಡೆ. ಮೂರನೆಯದು ಸಮುದ್ರವನ್ನು ತುಂಬಿ ಹೊಸ ನೆಲ ಮಾಡುವುದು. ವಾಢವಣದಲ್ಲಿ ಹೀಗೆ 1,448 ಹೆಕ್ಟೇರ್ ನೆಲ ಮಾಡುವ ಯೋಜನೆಯಿದೆ. ಇವಲ್ಲದೆ ಪೆಟ್ಟಿಗೆಗಳನ್ನು ಒಳನಾಡಿಗೆ ಸಾಗಿಸಲು ರೈಲು ಮಾರ್ಗ, ಹೆದ್ದಾರಿ, ಲಾರಿ ನಿಲ್ದಾಣ, ಗೋದಾಮುಗಳೂ ಬೇಕು.

ಈ ಪ್ರತಿಯೊಂದು ಕೆಲಸವೂ ಬೇರೆ ಬೇರೆ ಜನರ ಬದುಕನ್ನು ಮುಟ್ಟುತ್ತದೆ. ಡ್ರೆಜಿಂಗ್ ಮೀನಿನ ನೆಲೆಯನ್ನು ಕಲಕುತ್ತದೆ, ತಡೆಗೋಡೆ ದೋಣಿಯ ದಾರಿಯನ್ನೂ ಮರಳಿನ ಚಲನೆಯನ್ನೂ ಬದಲಿಸುತ್ತದೆ, ಹೆದ್ದಾರಿ ರೈತರ ಜಮೀನನ್ನು ಸೀಳುತ್ತದೆ, ಲಾರಿಗಳ ಹೊಗೆ ಹತ್ತಿರದ ಬಡಾವಣೆಗಳಿಗೆ ನುಗ್ಗುತ್ತದೆ.

ಒಡೆತನದ ಸ್ವರೂಪವನ್ನೂ ಇಲ್ಲಿ ತಿಳಿದಿರಬೇಕು. ಇಂದು ಜಗತ್ತಿನ ಬಹಳಷ್ಟು ದೊಡ್ಡ ಬಂದರುಗಳು ಮಳಿಗೆ ಕಟ್ಟಡದ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧದಂತೆ ನಡೆಯುತ್ತವೆ. ನೆಲ, ನೀರು, ಹಡಗಿನ ದಾರಿ ಸರ್ಕಾರಿ ಪ್ರಾಧಿಕಾರದ ಕೈಯಲ್ಲಿರುತ್ತವೆ. ಧಕ್ಕೆಯ ಮೇಲೆ ಕ್ರೇನ್ ಹಾಕಿ ಸರಕು ಇಳಿಸುವ ವ್ಯವಹಾರವನ್ನು ಖಾಸಗಿ ಕಂಪನಿ ಹಲವು ದಶಕಗಳ ಗುತ್ತಿಗೆಯ ಮೇಲೆ ನಡೆಸುತ್ತದೆ. ಆದ್ದರಿಂದ ಊರಿನವರು "ಬಂದರಿನವರು ಮಾತು ಕೊಟ್ಟರು" ಎಂದಾಗ, ಮಾತು ಕೊಟ್ಟವರು ಮಾಲೀಕರೋ ಬಾಡಿಗೆದಾರರೋ ಎಂಬುದು ಮುಖ್ಯವಾಗುತ್ತದೆ. ಗುತ್ತಿಗೆ ಪತ್ರದಲ್ಲಿ ಸೇರದ ಭರವಸೆಯನ್ನು ಈಡೇರಿಸುವ ಹೊಣೆ ಕಂಪನಿಯ ಮೇಲೆ ಬೀಳುವುದು ಕಷ್ಟ.

## ಹಿತಾಸಕ್ತರು ಯಾರು

ಯೋಜನೆಯಿಂದ ಲಾಭ ಅಥವಾ ನಷ್ಟ ಹೊಂದುವ, ಇಲ್ಲವೇ ಅದನ್ನು ಮುಂದಕ್ಕೆ ತಳ್ಳುವ ಅಥವಾ ನಿಲ್ಲಿಸುವ ಶಕ್ತಿಯುಳ್ಳ ಎಲ್ಲರನ್ನೂ ಹಿತಾಸಕ್ತರು ಎನ್ನುತ್ತಾರೆ. ಬಂದರು ಪ್ರಾಧಿಕಾರ, ಗುತ್ತಿಗೆ ಕಂಪನಿ, ಸಾಲ ಕೊಡುವ ಬ್ಯಾಂಕುಗಳು, ಹಡಗು ಕಂಪನಿಗಳು, ಆಮದು ರಫ್ತು ಮಾಡುವವರು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಒಂದು ಕಡೆ ಇರುತ್ತಾರೆ. ಮೀನುಗಾರರು, ಜಮೀನು ಕಳೆದುಕೊಳ್ಳುವವರು, ಅಕ್ಕಪಕ್ಕದ ನಿವಾಸಿಗಳು, ಪರಿಸರ ಸಂಘಟನೆಗಳು ಇನ್ನೊಂದು ಕಡೆ. ಹಡಗುಕಟ್ಟೆಯ ಕಾರ್ಮಿಕ ಸಂಘಗಳು, ಲಾರಿ ಚಾಲಕರು, ಸ್ಥಳೀಯ ಸಂಸ್ಥೆಗಳು ಸಂದರ್ಭಕ್ಕೆ ತಕ್ಕಂತೆ ಯಾವ ಕಡೆಯೂ ನಿಲ್ಲಬಹುದು.

ಈ ಪಟ್ಟಿಯ ಅಪಾಯವೆಂದರೆ ಪ್ರತಿ ಹೆಸರಿನ ಹಿಂದೆ ಒಂದೇ ದನಿ ಇದೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಮೀನುಗಾರರನ್ನೇ ತೆಗೆದುಕೊಳ್ಳಿ. ಯಾಂತ್ರೀಕೃತ ದೋಣಿಯ ಮಾಲೀಕನಿಗೆ ಹೊಸ ಬಂದರಿನ ಶಾಂತ ನೀರು ಅನುಕೂಲವೇ ಆಗಬಹುದು. ಅದೇ ದೋಣಿಯಲ್ಲಿ ಪಾಲಿಗೆ ದುಡಿಯುವವನ ಹೆಸರಿನಲ್ಲಿ ದೋಣಿಯಿಲ್ಲ, ಪರವಾನಗಿಯಿಲ್ಲ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರಿಗೆ ದಡವೇ ಹೋದರೆ ಕೆಲಸವೇ ಇಲ್ಲ. ಬಂಡೆಗಳಿಂದ ಪಚ್ಚಿಲೆ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ, ಕೀಳುವವರಿಗೆ ನಿರ್ದಿಷ್ಟವಾಗಿ ಆ ಬಂಡೆಗಳೇ ಬೇಕು. ಮೀನು ಒಣಗಿಸಿ ಮಾರುವ ಹೆಂಗಸರು ಸಮುದ್ರಕ್ಕೆ ಇಳಿಯುವುದೇ ಇಲ್ಲ. ಆದರೆ ಮೀನು ಹರಡುವ ಮರಳಿನ ಜಾಗ ಬೇಲಿಯೊಳಗೆ ಸೇರಿದ ದಿನ ಅವರ ಸಂಪಾದನೆ ನಿಲ್ಲುತ್ತದೆ. ಪರಿಹಾರದ ಪಟ್ಟಿಯನ್ನು ದೋಣಿ ನೋಂದಣಿ ಪುಸ್ತಕ ಮತ್ತು ಪಹಣಿಯನ್ನಷ್ಟೇ ನೋಡಿ ತಯಾರಿಸಿದರೆ ಈ ಹೆಂಗಸರು ಯಾವ ಪುಟದಲ್ಲೂ ಕಾಣುವುದಿಲ್ಲ. ವಿಳಿಂಜಂನಲ್ಲಿ ಪಚ್ಚಿಲೆ ಕೀಳುವವರನ್ನೂ ದಡದ ಬಲೆಯವರನ್ನೂ ಪ್ರತ್ಯೇಕ ವರ್ಗಗಳಾಗಿ ಗುರುತಿಸಿ ಪರಿಹಾರ ಕೊಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಮೇಜಿನ ಸುತ್ತ ಎಷ್ಟು ಕುರ್ಚಿಗಳಿವೆ ಎಂಬುದನ್ನು ತೀರ್ಮಾನಿಸುವುದೇ ಮಾತುಕತೆಯ ಮೊದಲ ಹಂತ. ಇದನ್ನು ಅವಸರದಲ್ಲಿ ಮುಗಿಸಿದರೆ, ಹೊರಗುಳಿದವರು ಆಮೇಲೆ ನ್ಯಾಯಾಲಯದ ಬಾಗಿಲಲ್ಲೋ ಬಂದರಿನ ಬಾಗಿಲಲ್ಲೋ ಕಾಣಿಸಿಕೊಳ್ಳುತ್ತಾರೆ.

## ಕೇಳುವುದು ಒಂದು, ಬೇಕಾಗಿರುವುದು ಇನ್ನೊಂದು

ಸಂಧಾನ ಮಾಡಿಸುವವರು ಬೇಡಿಕೆ ಮತ್ತು ಅಗತ್ಯ ಎಂಬ ಎರಡನ್ನು ಬೇರ್ಪಡಿಸಿ ನೋಡುತ್ತಾರೆ. ಒಬ್ಬರು ಬಾಯಿಬಿಟ್ಟು ಹೇಳುವುದು ಬೇಡಿಕೆ; ಅದನ್ನು ಅವರು ಏಕೆ ಹೇಳುತ್ತಿದ್ದಾರೆ ಎಂಬುದು ಅಗತ್ಯ. ಒಂದೇ ಕೋಣೆಯಲ್ಲಿರುವ ಇಬ್ಬರಲ್ಲಿ ಒಬ್ಬರು ಕಿಟಕಿ ತೆರೆಯಬೇಕೆಂದೂ ಇನ್ನೊಬ್ಬರು ಮುಚ್ಚಬೇಕೆಂದೂ ಹಟ ಹಿಡಿದರೆ, ಆ ಬೇಡಿಕೆಗಳ ನಡುವೆ ರಾಜಿ ಅಸಾಧ್ಯ. ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ಮುಖಕ್ಕೆ ಬೀಳುವ ಬಿಸಿಲು ಬೇಡ ಎಂದು ತಿಳಿದ ಮೇಲೆ ಪರದೆ ಇಳಿಬಿಟ್ಟರೆ ಸಾಕಾಗುತ್ತದೆ.

ಬಂದರಿನಲ್ಲಿ ಇದು ಹೀಗೆ ಕಾಣುತ್ತದೆ. ಸುಮಾರು 3 ಕಿಲೋಮೀಟರ್ ಉದ್ದದ ತಡೆಗೋಡೆಯೊಂದು ದಡದಿಂದ ಸಮುದ್ರದೊಳಕ್ಕೆ ಹೋಗಿದೆ ಎಂದುಕೊಳ್ಳಿ. ನಿನ್ನೆಯವರೆಗೆ ದಡದ ಪಕ್ಕದಲ್ಲೇ ಸಾಗಿ ಮೀನಿನ ಜಾಗ ತಲುಪುತ್ತಿದ್ದ ನಾಡದೋಣಿ ಇಂದು ಗೋಡೆಯ ತುದಿಯವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ಹೋಗುವಾಗ ಎಷ್ಟು ಹೆಚ್ಚು ದೂರವೋ ಬರುವಾಗಲೂ ಅಷ್ಟೇ. ಆ ತುದಿಯಲ್ಲಿ ಅಲೆ ಜೋರಾಗಿರುತ್ತದೆ, ದೊಡ್ಡ ಹಡಗುಗಳು ತಿರುಗುವುದೂ ಅಲ್ಲೇ. ಹೊರಗಿನ ಎಂಜಿನ್ ಹಾಕಿದ ಸಣ್ಣ ದೋಣಿಗೆ ಇದರಿಂದ ದಿನವೂ ಹೆಚ್ಚು ಸೀಮೆಎಣ್ಣೆ, ಹೆಚ್ಚು ಹೊತ್ತು, ಹೆಚ್ಚು ಅಪಾಯ. ಈ ದೋಣಿಯವನು ಸಭೆಯಲ್ಲಿ ಎದ್ದು ನಿಂತು ಹೇಳುವುದು "ಬಂದರು ಬೇಡ" ಎಂಬ ಎರಡೇ ಪದಗಳನ್ನು. ಅವುಗಳ ಒಳಗೆ ಇಂಧನದ ಖರ್ಚು, ಸುರಕ್ಷಿತ ದಾರಿ, ಮೀನು ಇಳಿಸುವ ಜಾಗ, ಮುಂದಿನ ತಲೆಮಾರಿಗೂ ಕಡಲು ಉಳಿಯುತ್ತದೆಯೇ ಎಂಬ ಚಿಂತೆ ಎಲ್ಲವೂ ಇವೆ. ಮೊದಲ ಮೂರಕ್ಕೆ ವಿನ್ಯಾಸದಲ್ಲಿ ಉತ್ತರ ಹುಡುಕಬಹುದು. ಕೊನೆಯದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ, ಮತ್ತು ಅದಕ್ಕೆ ಉತ್ತರವಿದೆ ಎಂಬಂತೆ ನಟಿಸುವ ಸಂಧಾನಕಾರ ಜನರ ನಂಬಿಕೆ ಕಳೆದುಕೊಳ್ಳುತ್ತಾನೆ.

ವಿಳಿಂಜಂ ಹೋರಾಟಗಾರರ ಬೇಡಿಕೆಗಳಲ್ಲಿ ಕಾಮಗಾರಿ ನಿಲ್ಲಿಸಿ ಕಡಲ್ಕೊರೆತದ ಅಧ್ಯಯನ ನಡೆಸಬೇಕೆಂಬುದು ಪ್ರಮುಖವಾಗಿತ್ತು. ಆದರೆ ಅದರ ಜೊತೆಗೇ ಕೊರೆತದಿಂದ ಮನೆ ಕಳೆದುಕೊಂಡು ಗೋದಾಮುಗಳಲ್ಲಿ ಬದುಕುತ್ತಿದ್ದವರಿಗೆ ಬಾಡಿಗೆ ಮತ್ತು ಶಾಶ್ವತ ವಸತಿ, ಸೀಮೆಎಣ್ಣೆಗೆ ಸಹಾಯಧನ, ಹವಾಮಾನ ಎಚ್ಚರಿಕೆಯಿಂದ ಕಡಲಿಗೆ ಇಳಿಯಲಾಗದ ದಿನಗಳಿಗೆ ಕೂಲಿ ಎಂಬ ಬೇಡಿಕೆಗಳೂ ಇದ್ದವು. ಕೊನೆಯಲ್ಲಿ ಕಾಮಗಾರಿ ನಿಲ್ಲಲಿಲ್ಲ. ನಿರಾಶ್ರಿತ ಕುಟುಂಬಗಳಿಗೆ ತಿಂಗಳಿಗೆ ₹5,500 ಬಾಡಿಗೆ ಎಂಬಂಥ ಅಂಶಗಳ ಮೇಲೆ ಧರಣಿ ಹಿಂದಕ್ಕೆ ಹೋಯಿತು. ತಡವಾಗಿ ಶುರುವಾದ ಮಾತುಕತೆಯಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಹಣಕ್ಕೆ ಸಂಬಂಧಿಸಿದ್ದೇ. ಕಟ್ಟಿ ನಿಂತ ಗೋಡೆಯ ದಿಕ್ಕನ್ನು ಬದಲಿಸುವ ಅವಕಾಶ ಅಷ್ಟು ಹೊತ್ತಿಗೆ ಕೈಮೀರಿರುತ್ತದೆ.

## ಮಾತು ಮುರಿದರೆ ಯಾರಿಗೆ ಏನು ಉಳಿಯುತ್ತದೆ

ಯಾವುದೇ ಚೌಕಾಸಿಯಲ್ಲಿ ಒಬ್ಬರ ಬಲ ತೂಗುವುದು, ಒಪ್ಪಂದ ಆಗದಿದ್ದರೆ ಅವರ ಮುಂದೆ ಇರುವ ದಾರಿ ಎಷ್ಟು ಒಳ್ಳೆಯದು ಎಂಬುದರ ಮೇಲೆ. ಮನೆ ಬಾಡಿಗೆಗೆ ಹುಡುಕುವವನಿಗೆ ಇನ್ನೆರಡು ಮನೆಗಳು ಗೊತ್ತಿದ್ದರೆ ಅವನು ಗಟ್ಟಿಯಾಗಿ ಮಾತಾಡುತ್ತಾನೆ.

ಯೋಜನೆಯ ಆರಂಭದಲ್ಲಿ ಪ್ರಾಧಿಕಾರದ ಬಲ ಹೆಚ್ಚು. ಕಾನೂನು, ಹಣ, ತಜ್ಞರು ಅವರ ಬಳಿ ಇರುತ್ತಾರೆ. ಮೀನುಗಾರ ಗ್ರಾಮಕ್ಕೆ ಇರುವುದು ನ್ಯಾಯಾಲಯ ಮತ್ತು ಬೀದಿ ಮಾತ್ರ. ಸಾಲ ತಂದು ಕೆಲಸ ಶುರುವಾದ ಮೇಲೆ ಈ ತಕ್ಕಡಿ ನಿಧಾನವಾಗಿ ವಾಲುತ್ತದೆ. ₹1,000 ಕೋಟಿ ಸಾಲಕ್ಕೆ ವರ್ಷಕ್ಕೆ ಶೇಕಡಾ 9ರ ಬಡ್ಡಿ ಎಂದಿಟ್ಟುಕೊಂಡರೂ ವರ್ಷಕ್ಕೆ ₹90 ಕೋಟಿ, ದಿನಕ್ಕೆ ಸುಮಾರು ₹25 ಲಕ್ಷ ಆಗುತ್ತದೆ. ಕ್ರೇನ್ ನಿಂತಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಬಾಗಿಲು ತಡೆದು ಕೂತವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಆದರೆ ಅವರಿಗೂ ಕಾಯುವುದು ಪುಕ್ಕಟೆಯಲ್ಲ. ಕಡಲಿಗೆ ಇಳಿಯದ ಪ್ರತಿ ದಿನ ಒಲೆಯ ಮೇಲಿನ ಪಾತ್ರೆಯಲ್ಲಿ ಕಾಣುತ್ತದೆ. ಎರಡೂ ಕಡೆಯವರು ಸುಸ್ತಾಗುವ ಹೊತ್ತಿಗೆ ಸಂಧಾನ ಆಗುವುದುಂಟು. ಹಾಗೆ ಸುಸ್ತಿನಲ್ಲಿ ಆದ ಒಪ್ಪಂದಗಳು ಮೂಲ ಪ್ರಶ್ನೆಯನ್ನು ಮುಂದೂಡುತ್ತವೆ ಎಂಬುದು ನನ್ನ ಅನಿಸಿಕೆ.

## ಮರಳಿನ ತಕರಾರು

ಕೆಲವೊಮ್ಮೆ ಜಗಳ ಇರುವುದು ಯಾರಿಗೆ ಎಷ್ಟು ಎಂಬುದರ ಬಗ್ಗೆ ಅಲ್ಲ. ನಿಜವಾಗಿ ಏನಾಗುತ್ತಿದೆ ಎಂಬುದರ ಬಗ್ಗೆಯೇ. ಕಡಲ್ಕೊರೆತ ಇದಕ್ಕೆ ಸ್ಪಷ್ಟ ಉದಾಹರಣೆ.

ದಡಕ್ಕೆ ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ತೀರದುದ್ದಕ್ಕೂ ಸಾಗಿಸುತ್ತಲೇ ಇರುತ್ತವೆ. ನಮ್ಮ ಕಣ್ಣಿಗೆ ಸ್ಥಿರವಾಗಿ ಕಾಣುವ ಕಡಲತೀರ ನಿಜಕ್ಕೂ ಮರಳಿನ ನಿಧಾನದ ಕಾಲುವೆ. ಆ ಕಾಲುವೆಗೆ ಅಡ್ಡಲಾಗಿ ತಡೆಗೋಡೆ ಕಟ್ಟಿದರೆ ಮರಳು ಬರುವ ಕಡೆ ದಿಬ್ಬ ಬೆಳೆಯುತ್ತದೆ. ಇನ್ನೊಂದು ಕಡೆಗೆ ಮರಳಿನ ಪೂರೈಕೆ ನಿಂತು ದಡ ಸವೆಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಮದ್ರಾಸ್ ಬಂದರು ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಮರಳು ಸೇರಿ ಇಂದಿನ ಮರೀನಾ ಕಡಲತೀರ ಅಗಲವಾಯಿತು. ಉತ್ತರದ ರಾಯಪುರಂ ಕಡೆ ದಡ ಕೊರೆದು ಕಲ್ಲು ಸುರಿಯಬೇಕಾಯಿತು. ಸಂಜೆ ಗಾಳಿಗೆ ಮರೀನಾದಲ್ಲಿ ನಡೆಯುವವರ ಕಾಲಡಿಯ ಮರಳು ಉತ್ತರದವರಿಗೆ ಸೇರದೆ ಉಳಿದ ಮರಳು.

ಆದರೆ ನಿರ್ದಿಷ್ಟ ಊರಿನ ನಿರ್ದಿಷ್ಟ ಮನೆ ಬಿದ್ದದ್ದು ಬಂದರಿನಿಂದಲೇ ಎಂದು ಹೇಳುವುದು ಸುಲಭವಲ್ಲ. ಚಂಡಮಾರುತ, ನದಿಗೆ ಕಟ್ಟಿದ ಅಣೆಕಟ್ಟು, ಪಕ್ಕದ ಊರಿನ ಕಲ್ಲಿನ ಗೋಡೆ, ಏರುವ ಸಮುದ್ರಮಟ್ಟ ಎಲ್ಲವೂ ದಡವನ್ನು ಕೊರೆಯುತ್ತವೆ. ವಿಳಿಂಜಂನಲ್ಲೂ ಹೋರಾಟಗಾರರು ಬಂದರಿನ ಕಡೆ ಬೆರಳು ತೋರಿಸಿದರೆ, ಬಂದರಿನ ಪರವಾದವರು ಚಂಡಮಾರುತಗಳನ್ನೂ ಹಿಂದಿನಿಂದ ಇದ್ದ ಕೊರೆತವನ್ನೂ ತೋರಿಸಿದರು. ಒಂದು ಕಡೆಯವರೇ ನೇಮಿಸಿದ ತಜ್ಞರ ವರದಿಯನ್ನು ಇನ್ನೊಂದು ಕಡೆಯವರು ನಂಬುವುದಿಲ್ಲ, ವರದಿ ಎಷ್ಟೇ ಸರಿಯಾಗಿದ್ದರೂ.

ಇದಕ್ಕೆ ಬಳಕೆಯಲ್ಲಿರುವ ಉಪಾಯ ಜಂಟಿ ಸತ್ಯಶೋಧನೆ. ತಜ್ಞರು ಯಾರಾಗಬೇಕು, ಅವರು ಯಾವ ಪ್ರಶ್ನೆಗಳಿಗೆ ಉತ್ತರಿಸಬೇಕು, ಎಲ್ಲೆಲ್ಲಿ ಅಳತೆ ಮಾಡಬೇಕು ಎಂಬುದನ್ನು ಎರಡೂ ಕಡೆಯವರು ಕೂತು ಮೊದಲೇ ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ: ಒಂದು ಕಲ್ಲೂ ಬೀಳುವ ಮುನ್ನ ದಡದ ಗೆರೆ ಎಲ್ಲಿತ್ತು, ಯಾವ ತಿಂಗಳಲ್ಲಿ ಯಾವ ಬಲೆಗೆ ಎಷ್ಟು ಮೀನು ಬೀಳುತ್ತಿತ್ತು ಎಂಬುದನ್ನು ದಾಖಲಿಸುವುದು. ಹಳೆಯ ಅಳತೆ ಇಲ್ಲದ ಕಡೆ ಹೊಸ ನಷ್ಟವನ್ನು ಯಾರೂ ಸಾಬೀತು ಮಾಡಲಾರರು.

## ರಾಟರ್‌ಡ್ಯಾಮ್: ಒಬ್ಬರಿಗೆ ಕೊಟ್ಟ ಪರಿಹಾರ ಇನ್ನೊಬ್ಬರ ನಷ್ಟವಾದಾಗ

ಯುರೋಪಿನ ಅತಿದೊಡ್ಡ ಬಂದರಾದ ರಾಟರ್‌ಡ್ಯಾಮ್ 1990ರ ದಶಕದಲ್ಲಿ ಜಾಗ ಸಾಲದೆ ಸಮುದ್ರವನ್ನು ತುಂಬಿ ವಿಸ್ತರಿಸಲು ಹೊರಟಿತು. ಆ ವಿಸ್ತರಣೆಯ ಹೆಸರು ಎರಡನೆಯ ಮಾಸ್‌ವ್ಲಾಕ್ಟೆ. ಅಲ್ಲಿನವರು ಶುರುವಿನಲ್ಲೇ ಒಂದು ಸೂತ್ರ ಒಪ್ಪಿಕೊಂಡರು: ಬಂದರು ಬೆಳೆಯಬೇಕಾದರೆ ಸುತ್ತಲಿನ ಜನರ ಬದುಕಿನ ಗುಣಮಟ್ಟವೂ ಜೊತೆಗೇ ಬೆಳೆಯಬೇಕು. ಹೊಸ ನೆಲ, 750 ಹೆಕ್ಟೇರ್ ಹೊಸ ಪ್ರಕೃತಿ ಮತ್ತು ವಿಹಾರ ಪ್ರದೇಶ, ಹಳೆಯ ಬಂದರು ಪ್ರದೇಶದ ಸುಧಾರಣೆ ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿದರು. ಪರಿಸರ ಸಂಘಟನೆಗಳನ್ನು ಮೊದಲಿನಿಂದಲೇ ಮಾತಿಗೆ ಕರೆದರು.

ಇಷ್ಟು ಜಾಗರೂಕತೆಯ ನಂತರವೂ 2005ರ ಜನವರಿಯಲ್ಲಿ ನೆದರ್‌ಲೆಂಡ್ಸ್‌ನ ಉನ್ನತ ಆಡಳಿತ ನ್ಯಾಯಾಲಯವು ಯೋಜನೆಯ ಮುಖ್ಯ ತೀರ್ಮಾನಗಳನ್ನು ರದ್ದುಪಡಿಸಿತು. ದೂರು ಕೊಟ್ಟವರಲ್ಲಿ ರೈತರೂ ಮೀನುಗಾರರೂ ಇದ್ದರು. ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಸ ವಿಹಾರ ಪ್ರದೇಶಕ್ಕೆಂದು ಗುರುತಿಸಿದ ನೆಲದ ದೊಡ್ಡ ಪಾಲು ಉಳುಮೆಯ ಹೊಲವಾಗಿತ್ತು. ಸಮುದ್ರತಳದ ಹಾನಿಗೆ ಬದಲಾಗಿ ರಕ್ಷಿತ ವಲಯ ಮಾಡಬೇಕೆಂದರೆ ಅಲ್ಲಿ ಭಾರದ ಬಲೆ ಎಳೆಯುವವರನ್ನು ದೂರವಿಡಬೇಕಿತ್ತು. ಅಂದರೆ ಪರಿಸರಕ್ಕೆ ಸಲ್ಲಿಸುವ ಪರಿಹಾರದ ಬೆಲೆಯನ್ನು ರೈತರೂ ಮೀನುಗಾರರೂ ತೆರಬೇಕಾಗಿತ್ತು. ಜೊತೆಗೆ, ತುಂಬಿದ ನೆಲವು ಕರಾವಳಿಯ ಪ್ರವಾಹವನ್ನು ತಿರುಗಿಸಿ, ಉತ್ತರದ ವಾಡೆನ್ ಸಮುದ್ರಕ್ಕೆ ಸೇರುವ ಹೂಳು ಮತ್ತು ಮೀನಿನ ಮರಿಗಳ ಪ್ರಮಾಣವನ್ನು ಕಡಿಮೆ ಮಾಡಬಹುದೇ ಎಂಬುದನ್ನು ಸಾಕಷ್ಟು ಪರಿಶೀಲಿಸಿಲ್ಲ ಎಂದೂ ನ್ಯಾಯಾಲಯ ಹೇಳಿತು.

ಪ್ರಾಧಿಕಾರ ಹಿಂದಕ್ಕೆ ಹೋಗಿ ಅಧ್ಯಯನಗಳನ್ನು ಮಾಡಿಸಿತು. 2006ರಲ್ಲಿ ತಿದ್ದಿದ ತೀರ್ಮಾನ ಹೊರಬಂತು. 2008ರಲ್ಲಿ ಕೆಲಸ ಶುರುವಾಗಿ 2013ರಲ್ಲಿ ಮೊದಲ ಹಂತ ಮುಗಿಯಿತು. ಬಂದರಿನ ಬಳಕೆಗೆ ಸುಮಾರು 1,000 ಹೆಕ್ಟೇರ್ ನೆಲ ಸಿಕ್ಕಿತು. ಅದಕ್ಕೆ ಬದಲಾಗಿ ದಕ್ಷಿಣದ ಕರಾವಳಿಯಲ್ಲಿ ಸುಮಾರು 25,000 ಹೆಕ್ಟೇರ್ ಸಮುದ್ರತಳವನ್ನು ರಕ್ಷಿತ ವಲಯವಾಗಿ ಘೋಷಿಸಿದರು. ಗಾಳಿಯ ಗುಣಮಟ್ಟದ ಬಗ್ಗೆ ದಾವೆ ಹೂಡಲು ಸಿದ್ಧವಾಗಿದ್ದ ಪರಿಸರ ಸಂಘಟನೆಯೊಂದಿಗೆ ಬೇರೆಯೇ ಒಪ್ಪಂದವಾಯಿತು. ಲಾರಿಗಳ ವಿಷಯದಲ್ಲಿ ಪ್ರಾಧಿಕಾರವು ಭರವಸೆಯ ಮಾತಿನಲ್ಲಿ ನಿಲ್ಲದೆ ಹೊಸ ಟರ್ಮಿನಲ್‌ಗಳ ಗುತ್ತಿಗೆಯಲ್ಲೇ ಅಂಕಿ ಬರೆಸಿತು: 2035ರ ಹೊತ್ತಿಗೆ ಒಳನಾಡಿಗೆ ಹೋಗುವ ಕಂಟೇನರ್‌ಗಳಲ್ಲಿ ಹೆಚ್ಚೆಂದರೆ ಶೇಕಡಾ 35 ಮಾತ್ರ ರಸ್ತೆಯಲ್ಲಿ ಸಾಗಬೇಕು, ಶೇಕಡಾ 45 ನದಿ ಮತ್ತು ಕಾಲುವೆಗಳಲ್ಲಿ, ಶೇಕಡಾ 20 ರೈಲಿನಲ್ಲಿ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು 2005ರ ತಡೆ. ಪರಿಸರ ಸಂಘಟನೆಗಳೊಂದಿಗೆ ಒಪ್ಪಂದವಾದರೆ ಅರ್ಧ ದಾರಿ ಮುಗಿಯಿತು ಎಂದು ಯೋಜಕರು ನಂಬಿದ್ದರು. ಇಬ್ಬರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ಮೂರನೆಯವನ ಹೊಲವನ್ನು ಆ ಪಾಲಿನಲ್ಲಿ ಸೇರಿಸಿದಂತೆ ಅದು ಆಗಿತ್ತು.

## ಲಾಸ್ ಏಂಜಲೀಸ್: ಒಪ್ಪಂದವಾದ ಮೇಲೆ ಏನಾಗುತ್ತದೆ

ಧಕ್ಕೆಗೆ ಕಟ್ಟಿದ ಹಡಗಿನ ಮುಖ್ಯ ಎಂಜಿನ್ ನಿಂತಿದ್ದರೂ ಒಳಗೆ ದೀಪ, ಪಂಪು, ತಂಪು ಪೆಟ್ಟಿಗೆಗಳಿಗೆಂದು ಸಣ್ಣ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತವೆ. ಬಂದರಿನ ಪಕ್ಕದ ಮನೆಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೂರುವ ಕಪ್ಪು ಪುಡಿಗೆ ಲಾರಿಗಳಷ್ಟೇ ಈ ಎಂಜಿನ್‌ಗಳೂ ಕಾರಣ. ಲಾಸ್ ಏಂಜಲೀಸ್ ಬಂದರು ಒಂದು ಹಡಗು ಕಂಪನಿಗೆ ಹೊಸ ಟರ್ಮಿನಲ್ ಕಟ್ಟಿಕೊಡಲು ಹೊರಟಾಗ, ಸರಿಯಾದ ಪರಿಸರ ಪರಿಶೀಲನೆ ನಡೆದಿಲ್ಲವೆಂದು ನೆರೆಹೊರೆಯ ನಿವಾಸಿಗಳೂ ಪರಿಸರ ಸಂಘಟನೆಗಳೂ 2001ರಲ್ಲಿ ದಾವೆ ಹೂಡಿದರು. 2002ರಲ್ಲಿ ನ್ಯಾಯಾಲಯ ಕೆಲಸಕ್ಕೆ ತಡೆ ಕೊಟ್ಟಿತು. 2003ರಲ್ಲಿ ರಾಜಿಯಾಯಿತು: ಮಾಲಿನ್ಯ ತಗ್ಗಿಸುವ ಕೆಲಸಗಳಿಗೆ 5 ಕೋಟಿ ಡಾಲರ್ ಮೀಸಲು, ಮತ್ತು ಧಕ್ಕೆಯಲ್ಲಿ ನಿಂತ ಹಡಗುಗಳಿಗೆ ದಡದಿಂದಲೇ ವಿದ್ಯುತ್ ಪೂರೈಕೆ. ಹಡಗಿಗೆ ದಪ್ಪ ಕೇಬಲ್ ಸಿಕ್ಕಿಸಿ ಅದರ ಎಂಜಿನ್ ಆರಿಸುವ ಈ ವ್ಯವಸ್ಥೆ 2004ರಲ್ಲಿ ಅಲ್ಲಿ ಆರಂಭವಾಯಿತು.

ಆ ಒಂದು ರಾಜಿ ಮುಂದೆ ದೊಡ್ಡದಾಗಿ ಬೆಳೆಯಿತು. 2006ರಲ್ಲಿ ಲಾಸ್ ಏಂಜಲೀಸ್ ಮತ್ತು ಪಕ್ಕದ ಲಾಂಗ್ ಬೀಚ್ ಬಂದರುಗಳು ಜಂಟಿಯಾಗಿ ಗಾಳಿ ಶುದ್ಧೀಕರಣ ಯೋಜನೆ ರೂಪಿಸಿದವು. 2008ರ ಅಕ್ಟೋಬರ್‌ನಿಂದ ಹಳೆಯ ಲಾರಿಗಳಿಗೆ ಬಾಗಿಲು ಮುಚ್ಚಿತು. 2005ಕ್ಕೆ ಹೋಲಿಸಿದರೆ ಅಲ್ಲಿನ ಡೀಸೆಲ್ ಹೊಗೆಯ ಕಣಗಳು ಶೇಕಡಾ 80ಕ್ಕೂ ಹೆಚ್ಚು ಇಳಿದಿವೆ.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಹೊಸ ಲಾರಿಯ ಸಾಲ ಬಿದ್ದದ್ದು ಬಹುಮಟ್ಟಿಗೆ ಸ್ವಂತ ಲಾರಿ ಇಟ್ಟುಕೊಂಡು ಬಾಡಿಗೆಗೆ ಓಡಿಸುವ ಚಾಲಕರ ಹೆಗಲಿಗೆ. ಸಾಗಣೆ ಕಂಪನಿಗಳು ಚಾಲಕರನ್ನು ನೌಕರರಾಗಿ ನೇಮಿಸಿಕೊಳ್ಳಬೇಕೆಂದು ಬಂದರು ಹಾಕಿದ್ದ ಷರತ್ತನ್ನು ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಇನ್ನು, ಮೊದಲ ಟರ್ಮಿನಲ್‌ಗೆ ವಿಧಿಸಿದ್ದ ಮಾಲಿನ್ಯ ನಿಯಂತ್ರಣ ಕ್ರಮಗಳಲ್ಲಿ ಕೆಲವು ಪೂರ್ತಿಯಾಗಿ ಜಾರಿಯಾಗಿಲ್ಲ ಎಂಬುದು 2015ರಲ್ಲಿ ಬೆಳಕಿಗೆ ಬಂತು. ನ್ಯಾಯಾಲಯದ ಮೂಲಕ ಬಂದ, ಎಲ್ಲರೂ ಮಾದರಿ ಎಂದು ಹೊಗಳಿದ ಒಪ್ಪಂದಕ್ಕೇ ಹೀಗಾಯಿತು.

ಆದ್ದರಿಂದ ಅನುಭವವಿರುವ ಸಂಧಾನಕಾರರು ಒಪ್ಪಂದದ ಕೊನೆಯ ಪುಟಗಳ ಮೇಲೆ ಹೆಚ್ಚು ಸಮಯ ಕಳೆಯುತ್ತಾರೆ. ಅಳತೆ ಮಾಡುವವರು ಯಾರು, ವರದಿ ಎಷ್ಟು ತಿಂಗಳಿಗೊಮ್ಮೆ ಬರಬೇಕು, ಅದು ಜನರ ಭಾಷೆಯಲ್ಲಿ ಜನರ ಕೈಗೆ ಸಿಗುತ್ತದೆಯೇ, ಮಾತು ತಪ್ಪಿದರೆ ತಾನಾಗಿಯೇ ಜಾರಿಗೆ ಬರುವ ದಂಡ ಏನು, ಹಣ ಯಾರ ಖಾತೆಯಲ್ಲಿ ಇದೆ ಎಂಬ ಐದಾರು ಸಾಲುಗಳು ಅಲ್ಲಿರುತ್ತವೆ. ಬಂದರಿನ ಆಯಸ್ಸು ನೂರು ವರ್ಷವಾಗಬಹುದು. ಸಹಿ ಹಾಕಿದ ಅಧಿಕಾರಿ ಮೂರು ವರ್ಷಕ್ಕೆ ವರ್ಗವಾಗುತ್ತಾರೆ.

## ಸಾರ್ವಜನಿಕ ಅಹವಾಲು ಸಭೆಯ ಸ್ಥಾನ

ಭಾರತದಲ್ಲಿ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ದೊಡ್ಡ ಬಂದರುಗಳಿಗೆ ಪೂರ್ವಾನುಮತಿ ಬೇಕು, ಮತ್ತು ಅದರ ಭಾಗವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಸಭೆಯನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಹಿರಿಯ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಷ್ಟೇ ಜನ ಸೇರಿರಬೇಕೆಂಬ ಕನಿಷ್ಠ ಸಂಖ್ಯೆಯ ನಿಯಮವಿಲ್ಲ.

ಬಹಳ ಜನ ತಪ್ಪು ತಿಳಿಯುವ ವಿಷಯವೊಂದಿದೆ. ಆ ಸಭೆಯಲ್ಲಿ ಮತದಾನ ಇರುವುದಿಲ್ಲ. ಸಾವಿರ ಜನ ಕೈಯೆತ್ತಿ ವಿರೋಧಿಸಿದರೂ ಅದರಿಂದಲೇ ಯೋಜನೆ ಬೀಳುವುದಿಲ್ಲ. ಅಲ್ಲಿ ಎತ್ತಿದ ಆಕ್ಷೇಪಗಳು ದಾಖಲಾಗುತ್ತವೆ, ಅಂತಿಮ ವರದಿ ಅವಕ್ಕೆ ಉತ್ತರಿಸಬೇಕಾಗುತ್ತದೆ. ಉತ್ತರಿಸದಿದ್ದರೆ ಮುಂದೆ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು ಆಧಾರ ಸಿಗುತ್ತದೆ. ಆದ್ದರಿಂದ "ನಮಗೆ ಬೇಡ" ಎಂಬ ಘೋಷಣೆಗಿಂತ, "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದೋಣಿಗಳು ಈ ಅಳಿವೆಯಿಂದಲೇ ಹೊರಡುತ್ತವೆ, ನಿಮ್ಮ ನಕ್ಷೆಯಲ್ಲಿ ಅಲ್ಲಿ ಗೋಡೆಯಿದೆ, ಬದಲಿ ದಾರಿ ಯಾವುದು?" ಎಂಬ ಪ್ರಶ್ನೆಗೆ ಕಾಗದದ ಮೇಲೆ ಹೆಚ್ಚು ತೂಕ. ಆದರೆ ಸಭೆ ನಡೆಯುವ ಹೊತ್ತಿಗೆ ಕರಡು ವರದಿ ಸಿದ್ಧವಿರುತ್ತದೆ, ಗೋಡೆಯ ಗೆರೆ ಎಳೆದಾಗಿರುತ್ತದೆ. ಸಭೆಗೂ ಮಾತುಕತೆಗೂ ಇರುವ ಅಂತರ ಇದೇ. ಆ ಗೆರೆ ಎಳೆಯುವಾಗಲೇ ದೋಣಿಯವರನ್ನು ಕೂರಿಸಿಕೊಳ್ಳುವ ಹೊಣೆ ಯೋಜನೆ ತರುವವರ ಮೇಲಿರುತ್ತದೆ.

## "ಇಲ್ಲ" ಎಂಬ ಉತ್ತರವೂ ಸಾಧ್ಯ

ಪರಿಸರ ಯೋಜಕರು ಹಾನಿಯನ್ನು ನಿಭಾಯಿಸಲು ಒಂದು ಕ್ರಮ ಪಾಲಿಸುತ್ತಾರೆ: ಮೊದಲು ತಪ್ಪಿಸು, ಆಗದಿದ್ದರೆ ತಗ್ಗಿಸು, ಆಮೇಲೆ ಸರಿಪಡಿಸು, ಕೊನೆಗೆ ಉಳಿದದ್ದಕ್ಕೆ ಪರಿಹಾರ ಕೊಡು. ತಪ್ಪಿಸುವುದೆಂದರೆ ಕೆಲವೊಮ್ಮೆ ಜಾಗವನ್ನೇ ಬಿಡುವುದು. ಇಂಗ್ಲೆಂಡಿನ ಸೌತಾಂಪ್ಟನ್ ಎದುರಿನ ಡಿಬ್ಡೆನ್ ಕೊಲ್ಲಿಯಲ್ಲಿ ಕಂಟೇನರ್ ಟರ್ಮಿನಲ್ ಕಟ್ಟುವ ಪ್ರಸ್ತಾವವನ್ನು ದೀರ್ಘ ವಿಚಾರಣೆಯ ನಂತರ ಅಲ್ಲಿನ ಸರ್ಕಾರ 2004ರಲ್ಲಿ ಪರಿಸರದ ಕಾರಣದಿಂದ ತಿರಸ್ಕರಿಸಿತು. ದೇಶದ ಕಂಟೇನರ್ ವ್ಯಾಪಾರ ಅದರಿಂದ ನಿಲ್ಲಲಿಲ್ಲ. ಥೇಮ್ಸ್ ನದಿಯ ದಂಡೆಯಲ್ಲಿ ಹೊಸ ಬಂದರು 2013ರಲ್ಲಿ ತೆರೆಯಿತು.

ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನ ಪಕ್ಕದ ಡೂಲ್ ಗ್ರಾಮ ಉತ್ತರಕ್ಕಾಗಿ ದಶಕಗಳ ಕಾಲ ಕಾಯಿತು. 1970ರ ದಶಕದಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಬಂದರು ವಿಸ್ತರಿಸಲು ಊರು ತೆರವಾಗಬೇಕೆಂಬ ಯೋಜನೆಗಳು ಒಂದಾದ ಮೇಲೊಂದು ಬಂದವು. ಮನೆಗಳನ್ನು ಕೊಂಡರು, ಕೆಲವನ್ನು ಕೆಡವಿದರು, ಜನ ಕೈಬೆರಳೆಣಿಕೆಗೆ ಇಳಿದರು. ಪಕ್ಕದಲ್ಲೇ ಅಗೆಯುತ್ತಿದ್ದ ದೊಡ್ಡ ಹಡಗುಕಟ್ಟೆಯ ಕೆಲಸ 2001ರಲ್ಲಿ ನ್ಯಾಯಾಲಯದ ಆದೇಶದಿಂದ ನಿಂತು, ವಿಶೇಷ ಕಾನೂನಿನ ಬಲದಿಂದ ಮತ್ತೆ ಶುರುವಾಗಿ, 2005ರಲ್ಲಿ ಮುಗಿಯಿತು. ಮುಂದಿನ ವಿಸ್ತರಣೆಗೆ ಹೊರಟಾಗ ಆಡಳಿತ ರೀತಿ ಬದಲಿಸಿತು. ಬಂದರು, ಸ್ಥಳೀಯ ಆಡಳಿತ, ರೈತರು, ಪರಿಸರ ಸಂಘಟನೆಗಳು, ಊರಿನ ಹೋರಾಟಗಾರರನ್ನು ಒಟ್ಟಿಗೆ ಕೂರಿಸಿ, ಸಿದ್ಧ ನಕ್ಷೆಯ ಬದಲು ಹಲವು ಪರ್ಯಾಯಗಳನ್ನು ಮುಂದಿಟ್ಟಿತು. 2022ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಬಂದರಿಗೆ ಹೊಸ ಸಾಮರ್ಥ್ಯ ಸಿಗುತ್ತದೆ, ಡೂಲ್ ಉಳಿಯುತ್ತದೆ ಎಂಬುದು ಅದರ ತಿರುಳು. ಹಲಗೆ ಬಡಿದು ಮುಚ್ಚಿದ ಕಿಟಕಿಗಳ ಬೀದಿಯಲ್ಲಿ ಊರು ಬಿಡದೆ ಉಳಿದಿದ್ದ ಕೆಲವೇ ಮನೆಗಳವರಿಗೆ, ಇನ್ನು ಇಲ್ಲೇ ಇರಬಹುದು ಎಂಬ ಮಾತು ಕೊನೆಗೂ ಬರಹದಲ್ಲಿ ಸಿಕ್ಕಿತು.